ಕೆಮ್ಮಕ್ಕ ಒಪ್ಪಿದರಷ್ಟೇ ವ್ಯಾನ್ ಹತ್ತಬಹುದು

ಬೆಳಗಿನ ಆರೂವರೆ. ವಿಶ್ವವಿದ್ಯಾಲಯದ ಆರೋಗ್ಯ ಶಾಲೆಯ ಎರಡನೇ ಮಹಡಿಯಲ್ಲಿ ಒಂದೇ ಕೋಣೆಯ ದೀಪ ಉರಿಯುತ್ತಿದೆ. ಶಾಲು ಹೊದ್ದ ಐವತ್ತೆರಡರ ಹೆಂಗಸೊಬ್ಬರು ಮಂಚದ ಅಂಚಿನಲ್ಲಿ ಕೂತು ಕರುಳು ಕಿತ್ತು ಬರುವಂತೆ ಕೆಮ್ಮುತ್ತಿದ್ದಾರೆ. ಎದುರಿಗಿದ್ದ ವಿದ್ಯಾರ್ಥಿನಿ ಗಾಬರಿಯಾಗಿ ನೀರು ಕೊಡುತ್ತಾಳೆ. ಕೆಮ್ಮು ಥಟ್ಟನೆ ನಿಲ್ಲುತ್ತದೆ.

“ನೀರು ಕೊಟ್ಟಿದ್ದು ಒಳ್ಳೇದಾಯ್ತು ಮಗಳೇ. ಈಗ ಪಕ್ಕದಲ್ಲಿ ಕೂತ್ಕೋ. ನಿಂತ್ಕೊಂಡು ಕೇಳಿದ್ರೆ ಪೊಲೀಸ್ ವಿಚಾರಣೆ ಥರ ಇರುತ್ತೆ.”

ಇವರು ಎಲ್ಲರ ಬಾಯಲ್ಲೂ ಕೆಮ್ಮಕ್ಕ. ರೋಗಿಯಂತೆ ನಟಿಸಿ ವಿದ್ಯಾರ್ಥಿಗಳನ್ನು ಪರೀಕ್ಷಿಸುವುದು ಇವರ ಉದ್ಯೋಗ. ಊರಾಚೆ, ಕಸ ವಿಂಗಡಿಸುವವರ ಕಾಲೊನಿಯಲ್ಲಿ ಶಾಲೆ ವಾರಕ್ಕೆರಡು ದಿನ ಉಚಿತ ಚಿಕಿತ್ಸಾಲಯ ನಡೆಸುತ್ತದೆ. ಕೆಮ್ಮಕ್ಕ ಒಪ್ಪದೆ ಯಾರೂ ಅಲ್ಲಿಗೆ ಹೋಗುವ ವ್ಯಾನ್ ಹತ್ತುವಂತಿಲ್ಲ.

ಆರು ವರ್ಷದ ಹಿಂದೆ ಇವರು ಇದೇ ಕೋಣೆಯ ನೆಲ ಒರೆಸುತ್ತಿದ್ದರು. ಒಂದು ದಿನ ರೋಗಿಯ ಪಾತ್ರದವರು ಕೈಕೊಟ್ಟರು. “ಸುಮ್ನೆ ಮಲಗಮ್ಮ, ಸಾಕು” ಎಂದರು ಪರೀಕ್ಷೆ ನಡೆಸುವ ಮೇಷ್ಟ್ರು. ಇವರು ಮಲಗಿದರು. ವಿದ್ಯಾರ್ಥಿ ಕಾಗದದಿಂದ ತಲೆ ಎತ್ತದೆ ಕೇಳಿದ: “ಇಷ್ಟು ದಿನ ಏನ್ ಮಾಡ್ತಿದ್ರಿ?”

ಕೆಮ್ಮಕ್ಕ ಮಂಚದಿಂದ ಎದ್ದೇಬಿಟ್ಟರು.

“ನಮ್ಮಕ್ಕನಿಗೂ ಇದನ್ನೇ ಕೇಳಿದ್ರು. ಅವಳೂ ಕಾಲೊನಿಯವಳೇ. ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗಿದ್ಲು. ಎಲ್ಲರೆದುರು ಗದರಿಸಿದ್ರು. ಮತ್ತೆ ಆ ಕಡೆ ತಲೆ ಹಾಕ್ಲಿಲ್ಲ. ನಾಲ್ಕೇ ತಿಂಗಳು, ಹೋಗ್ಬಿಟ್ಲು. ಅವಳನ್ನ ಕೊಂದಿದ್ದು ಬರೀ ಕಾಯಿಲೆ ಅಲ್ಲ.” ಅಂದು ಆ ವಿದ್ಯಾರ್ಥಿಗೆ ಅಂದಿದ್ದನ್ನೇ ಇಂದು ಮತ್ತೆ ಹೇಳುವಾಗ ಅವರ ದನಿ ಏರುವುದಿಲ್ಲ, ಶಾಲಿನ ಅಂಚು ಮಾತ್ರ ಬೆರಳಿಗೆ ಸುತ್ತಿಕೊಳ್ಳುತ್ತದೆ.

ಗಾಜಿನಾಚೆ ಕೂತು ಎಲ್ಲವನ್ನೂ ಕೇಳಿಸಿಕೊಂಡ ಮೇಷ್ಟ್ರು ಮರುವಾರವೇ ಅವರ ಕೈಯಿಂದ ನೆಲ ಒರೆಸುವ ಕೋಲು ಬಿಡಿಸಿ ಈ ಕೆಲಸ ಕೊಟ್ಟರು. ಆಗ ಚಿಕಿತ್ಸಾಲಯಕ್ಕೆ ದಿನಕ್ಕೆ ಏಳೆಂಟು ಮಂದಿ ಬಂದರೆ ಹೆಚ್ಚು. ಈಗ ಎಪ್ಪತ್ತಕ್ಕೆ ಕಮ್ಮಿಯಿಲ್ಲ.

ಕೆಮ್ಮಕ್ಕ ದಿನಕ್ಕೆ ಎಂಟು ವಿದ್ಯಾರ್ಥಿಗಳನ್ನು ನೋಡುತ್ತಾರೆ. ಒಬ್ಬರ ಮುಂದೆ ಎದೆನೋವು, ಇನ್ನೊಬ್ಬರ ಮುಂದೆ ಮೊಂಡುತನ. ಚಿನ್ನದ ಪದಕದ ಹುಡುಗಿಯೊಬ್ಬಳನ್ನು ಮೂರು ಸಲ ವಾಪಸ್ ಕಳಿಸಿದ್ದರು. “ಬುದ್ಧಿ ಬೇಕಾದಷ್ಟಿತ್ತು, ಪುರುಸೊತ್ತೇ ಇರ್ಲಿಲ್ಲ.” ಮೂರನೇ ಸಲ ಆಕೆ ಅಳುತ್ತಾ ಓಡಿದಳು. ನಾಲ್ಕನೇ ಸಲ ಬಂದವಳು ಏನೂ ಕೇಳದೆ ಪಕ್ಕದಲ್ಲಿ ಕೂತಳು. ಕೆಮ್ಮಕ್ಕ ತಾವಾಗಿಯೇ ಬಾಯಿಬಿಡುವವರೆಗೂ ಕಾದಳು. ವ್ಯಾನ್ ಹತ್ತಿದಳು.

ಕಾಲೊನಿಯಲ್ಲಿ ರದ್ದಿ ಕಟ್ಟುವ ಅಜ್ಜನೊಬ್ಬನಿದ್ದ. ಬಿಳಿ ಕೋಟು ಕಂಡರೆ ಬಾಗಿಲು ಹಾಕಿಕೊಳ್ಳುವವ. ಹುಡುಗಿ ಕೋಟು ಕಳಚಿಟ್ಟು ಅವನ ಜೊತೆ ಎರಡು ಗಂಟೆ ರದ್ದಿ ಕಟ್ಟಿದಳು. ಕೊನೆಗೆ ಅಜ್ಜನೇ ಹೇಳಿದ: “ಕೆಮ್ಮಿದ್ರೆ ರಕ್ತ ಬರುತ್ತೆ ಕಣಮ್ಮ.” ಕ್ಷಯ. ಆ ಸಾಲಿನ ಮನೆಯವರನ್ನೆಲ್ಲ ಪರೀಕ್ಷಿಸಿದಾಗ ಇನ್ನೂ ನಾಲ್ವರಲ್ಲಿ ಸಿಕ್ಕಿತು. ಆರು ತಿಂಗಳು ಯಾರೂ ಮಾತ್ರೆ ತಪ್ಪಿಸಲಿಲ್ಲ. ಐವರೂ ಗುಣವಾದರು.

ಐವರ ಕೊನೆಯ ಕಫ ಪರೀಕ್ಷೆಯ ಫಲಿತಾಂಶ ಬಂದ ದಿನ ಹುಡುಗಿ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಬಂದು ಕೆಮ್ಮಕ್ಕನನ್ನು ತಬ್ಬಿಕೊಂಡಳು. “ಅವತ್ತು ಮನೆಗೆ ಹೋಗಿ ನಮ್ಮಕ್ಕನ ಫೋಟೊ ಒರೆಸಿ, ‘ನೋಡೇ, ಐದು ಜನ’ ಅಂದೆ” ಎನ್ನುತ್ತಾರೆ ಅವರು.

ಅಂಕಪಟ್ಟಿಯ ಕೊನೆಗೆ ಇಬ್ಬರ ಸಹಿ ಬೇಕು. ಮೊದಲನೆಯದು ಕೆಮ್ಮಕ್ಕನದು, ಅದರ ಕೆಳಗೆ ಮೇಷ್ಟ್ರದು. ಚಿಕ್ಕಂದಿನಲ್ಲಿ ಶಾಲೆಯ ಮುಖವನ್ನೇ ಕಾಣದ ಇವರಿಗೆ ಅಕ್ಷರ ಕಲಿಸುತ್ತಿರುವವರು ವಿದ್ಯಾರ್ಥಿಗಳೇ.

“ಸಹಿ ಹಾಕೋಕೆ ಬರುತ್ತೆ. ‘ಪಾಸ್’ ಅಂತ ಬರೆಯೋಕೂ ಬರುತ್ತೆ,” ಪೆನ್ನಿನ ಮುಚ್ಚಳ ತೆಗೆಯುತ್ತಾ ಹೇಳುತ್ತಾರೆ. “‘ಫೇಲ್’ ಅನ್ನೋದನ್ನ ಮಾತ್ರ ಕಲಿಸ್ಬೇಡಿ ಅಂದಿದ್ದೀನಿ. ಅದನ್ನ ಮೇಷ್ಟ್ರೇ ಬರ್ಕೊಳ್ಳಲಿ.”