ನನ್ನ ಹೆಸರಿಗೆ ಏರಿದ ಪುಸ್ತಕ

ಹಣೆಯ ಮೇಲೆ ಬೀರಪ್ಪ ದೇವರ ಭಂಡಾರದ ಹಳದಿ, ಬಲಗೈ ಹೆಬ್ಬೆರಳಿಗೆ ಸ್ಟ್ಯಾಂಪ್ ಪ್ಯಾಡಿನ ನೇರಳೆ ಮಸಿ. ನಮ್ಮ ಡಿಗ್ರಿ ಕಾಲೇಜಿನ ಲೈಬ್ರರಿ ಸರ್ ಎಂದರೆ ಮೊದಲು ಕಣ್ಣಿಗೆ ಬರುವುದು ಈ ಎರಡು ಬಣ್ಣ. ಸ್ಟ್ಯಾಂಪ್ ಹೊಡೆಯುವಾಗ ಗಟ್ಟಿಯಾಗಿರುತ್ತಿದ್ದ ಕೈ ಸಹಿ ಮಾಡುವಾಗ ನಡುಗುತ್ತಿತ್ತು. ವಯಸ್ಸಿನ ನಡುಕ ಎಂದುಕೊಂಡಿದ್ದೆ. ಅಲ್ಲ, ಹೆದರಿಕೆ.

ನಾಲ್ಕನೇ ಸೆಮಿಸ್ಟರಿನಲ್ಲಿ ನಾನು ಸಂಖ್ಯಾಶಾಸ್ತ್ರದಲ್ಲಿ ಫೇಲಾದೆ. ಚರ್ಚಾಸ್ಪರ್ಧೆಯ ಕಪ್ ಹಿಡಿದ ನನ್ನ ಫೋಟೊ ಪ್ರಿನ್ಸಿಪಾಲರ ಕೋಣೆಯ ಹೊರಗೆ ತೂಗುತ್ತಿತ್ತು. ಅದರ ಮುಂದೆ ಹಾದುಹೋಗಲು ಕಾಲೇ ಬರುತ್ತಿರಲಿಲ್ಲ. ಗುಳೇದಗುಡ್ಡದ ಮನೆಯಲ್ಲಿ ಅಪ್ಪ ಮಗ್ಗ ನಿಲ್ಲಿಸಿ "ರಿಸಲ್ಟ್ ಬಂತೇನವಾ?" ಎಂದಾಗಲೆಲ್ಲ ಕೊಡ ಎತ್ತಿಕೊಂಡು ನೀರಿಗೆ ಹೊರಡುತ್ತಿದ್ದೆ. ಮತ್ತೆ ಬರೆದು ಮತ್ತೆ ಫೇಲಾದರೆ? ಕಾಲೇಜು ಬಿಡುವುದೇ ಮೇಲೆಂದು ಟಿ.ಸಿ.ಗೆ ಅರ್ಜಿ ಹಾಕಿದೆ. ಅದು ಸಿಗಬೇಕಾದರೆ, ಪುಸ್ತಕ ಬಾಕಿಯಿಲ್ಲವೆಂದು ಲೈಬ್ರರಿಯ ಸಹಿ ಬೇಕು.

ಸರ್ ಫಾರ್ಮ್ ನೋಡಿ ಕೇಳಿದರು: "ಮುಂದ ಯಾವ ಕಾಲೇಜು?"

"ಅದು ನನಗ ಬಿಟ್ಟಿದ್ರಿ ಸರ್."

"ಹಂಗಾರ ಒಂದು ಪುಸ್ತಕ ಬಾಕಿ ಐತಿ. ಸಂಖ್ಯಾಶಾಸ್ತ್ರ."

ನಾನು ಆ ಪುಸ್ತಕ ಮುಟ್ಟಿದವಳೇ ಅಲ್ಲ! ವಾದಕ್ಕೆ ನಿಂತೆ. ಒಂದು, ರಿಜಿಸ್ಟರಿನಲ್ಲಿ ನನ್ನ ಸಹಿಯಿಲ್ಲ. ಎರಡು, ಪುಸ್ತಕ ನಿಮ್ಮ ಹಿಂದಿನ ಕಪಾಟಿನಲ್ಲೇ ಇದೆ. ಮೂರು, ಸುಳ್ಳು ಹೇಳಿ ನನ್ನನ್ನು ತಡೆಯಲು ನಿಮಗೆ ಅಧಿಕಾರವಿಲ್ಲ.

"ಖರೆ. ನೀನ ಗೆದ್ದಿ. ನನ್ನ ಕಡೆ ಕಪ್ ಇಲ್ಲವಾ, ಇದನ್ನ ತಗೊ." ಎದ್ದು ಆ ಪುಸ್ತಕ ತೆಗೆದು, ಠಪ್ಪನೆ ಸ್ಟ್ಯಾಂಪ್ ಹೊಡೆದು ನನ್ನ ಕೈಗಿಟ್ಟರು. "ಈಗ ಬಾಕಿ ಆತಿಲ್ಲ? ಓದಿ ತಂದ ಕೊಡು."

ವಾದದಲ್ಲಿ ಗೆದ್ದು ಅತ್ತದ್ದು ಅದೊಂದೇ ಸಲ. "ಅಂಜಿಕಿ ಬರ್ತೈತ್ರಿ ಸರ್" ಎಂದೆ.

"ನನಗೂ ಬರ್ತೈತಿ. ಹಿಂದ ಕಾಲೇಜು ಬಿಡಾಕ ಬಂದ ಒಬ್ಬಾಕಿಗೆ ಏನೂ ಕೇಳದ ಸಹಿ ಹಾಕಿದ್ನಿ. ಮುಂದಿನ ವರ್ಷ ಬಸ್‌ಸ್ಟ್ಯಾಂಡಿನ್ಯಾಗ ಕಂಡ್ಲು; ಓದು ಅಲ್ಲಿಗೇ ನಿಂತಿತ್ತು. ನನ್ನ ನೋಡಿ ಮಾರಿ ತಿರುವಿ ನಿಂತ್ಲು. ಅವತ್ತಿನಿಂದ ಪೆನ್ ಹಿಡಿಯಾಕ ಅಂಜಿಕಿ."

ನಾನು ಸುಲಭಕ್ಕೆ ನಂಬುವವಳಲ್ಲ. ಲೈಬ್ರರಿಯಲ್ಲೇ ಓದುತ್ತ ಅವರ ಮೇಲೆ ಕಣ್ಣಿಟ್ಟೆ. ಬಾದಾಮಿಯ ಹುಡುಗನೊಬ್ಬ, ಅಪ್ಪನಿಗೆ ವರ್ಗವಾಗಿದೆ, ಮುಂದೆ ಇಂಥ ಕಾಲೇಜು ಎಂದ. ಕೂಡಲೇ ಸಹಿ ಸಿಕ್ಕಿತು. ಉತ್ತರವಿಲ್ಲದವರಿಗೆ ಮಾತ್ರ ಪುಸ್ತಕ ಬಾಕಿ ಇರುತ್ತಿತ್ತು.

ಅಂಜುತ್ತಲೇ ಮತ್ತೆ ಪರೀಕ್ಷೆ ಬರೆದೆ. ಪಾಸಾದೆ. ಡಿಗ್ರಿ ಮುಗಿದ ಮೇಲೆ ಫಾರ್ಮ್ ಒಯ್ದಾಗ ಅದೇ ಪ್ರಶ್ನೆ. "ಲೈಬ್ರರಿ ಸೈನ್ಸ್ ಕಲೀತೇನ್ರಿ" ಎಂದೆ. "ಹುಚ್ಚಿ!" ಎಂದು ನಕ್ಕು ಸಹಿ ಮಾಡಿದರು. ಆಗಲೂ ಕೈ ನಡುಗಿತು.

ಹೋದ ವರ್ಷ ಅವರು ತೀರಿಕೊಂಡರು. ಅವರ ಕುರ್ಚಿಯಲ್ಲಿ ಈಗ ನಾನಿದ್ದೇನೆ. ಸೇರಿದವರಲ್ಲಿ ಎಷ್ಟು ಜನ ಡಿಗ್ರಿ ಮುಗಿಸಿದರೆಂದು ಆಫೀಸು ಪ್ರತಿವರ್ಷ ಪಟ್ಟಿ ಮಾಡುತ್ತದೆ. ಯಾರು ತಡೆದು ನಿಲ್ಲಿಸಿದರೆಂದು ಅದರಲ್ಲಿ ಬರೆಯುವುದಿಲ್ಲ. ಸಹಿಯೂ ಇಲ್ಲ ಈಗ. ವಿದ್ಯಾರ್ಥಿ ಮೊಬೈಲಿನಿಂದಲೇ ಟಿ.ಸಿ. ಕೇಳಬಹುದು, ನಾನು ಒಂದು ಗುಂಡಿ ಒತ್ತಿದರಾಯಿತು. ಮುಖ ನೋಡುವ ಪ್ರಸಂಗವೇ ಇಲ್ಲ.

ಇವತ್ತು ಗುಡೂರಿನ ಹುಡುಗಿಯೊಬ್ಬಳ ಹೆಸರು ಬಂದಿದೆ. ಎರಡನೇ ವರ್ಷ. 'ಮುಂದಿನ ಕಾಲೇಜು' ಎಂಬಲ್ಲಿ ಖಾಲಿ. ಮೂರು ಸಲ ಫೋನ್ ಮಾಡಿದೆ; ಎತ್ತಲಿಲ್ಲ. ಮೌಸ್ ಮೇಲಿದ್ದ ನನ್ನ ಬೆರಳು ನಡುಗುತ್ತಿತ್ತು. ಕೊನೆಗೆ ಅವಳ ಹೆಸರಿಗೆ ಒಂದು ಪುಸ್ತಕ ಬಾಕಿಯೆಂದು ಏರಿಸಿದೆ. ಅವಳು ಮುಟ್ಟದ ಪುಸ್ತಕ.

ಸುಳ್ಳೆಂದು ವಾದಿಸಲು ಬರಲಿ. ಜಗಳಕ್ಕಾದರೂ ಬರಲಿ.