ರೆಪ್ಪೆಯೊಳಗಿನ ಕೆಂಪು

ವೀಳ್ಯದೆಲೆಗೆ ಸುಣ್ಣ ಸವರುವಾಗ ಬರುವ ಆ ಹಸಿ ಖಾರದ ವಾಸನೆ ಎಲ್ಲೇ ಮೂಗಿಗೆ ತಾಗಲಿ, ಕೊಟ್ಟೂರಿನ ನಮ್ಮ ಮಾಳಿಗೆ ಮನೆಯ ಪಡಸಾಲೆ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ನಿಮಗೆ ಮದುವೆ ಮನೆ ನೆನಪಾಗಬಹುದು. ನನಗೆ ನೆನಪಾಗುವುದು ಶಾಲೆಯ ಆರೋಗ್ಯ ತಪಾಸಣೆ. ನಗಬೇಡಿ, ಪೂರ್ತಿ ಕೇಳಿ.

ತೊಂಬತ್ತರ ದಶಕದ ಮಾತು. ವರ್ಷಕ್ಕೊಮ್ಮೆ ಲೇಡಿ ಡಾಕ್ಟರೊಬ್ಬರು ಶಾಲೆಗೆ ಬಂದು ನಮ್ಮ ತೂಕ, ಎತ್ತರ, ಹಲ್ಲು, ಕಣ್ಣು, ಕಿವಿ ಎಲ್ಲ ನೋಡುತ್ತಿದ್ದರು. ನಮ್ಮಜ್ಜಿಯ ಲೆಕ್ಕದಲ್ಲಿ ಅದು ಮಕ್ಕಳ ಪರೀಕ್ಷೆಯಲ್ಲ, ಮನೆತನದ ಪರೀಕ್ಷೆ. ಹಿಂದಿನ ದಿನವೇ ನಮ್ಮನ್ನು ಅಂಗಳದಲ್ಲಿ ಕೂರಿಸಿಕೊಂಡು ಹೇನು ಹೆಕ್ಕಿ, ಉಗುರು ಕತ್ತರಿಸಿ, ಹಲ್ಲಿಗೆ ಇದ್ದಿಲ ಪುಡಿ ತಿಕ್ಕಿಸಿ, ಹಿತ್ತಾಳೆ ಚೊಂಬಿನಂತೆ ಬೆಳಗುವವರೆಗೆ ಬಿಡುತ್ತಿರಲಿಲ್ಲ. ಆ ವರ್ಷ ನನ್ನ ಅಕ್ಕ ಸಾವಿತ್ರಿ ಶಾಲೆಯ ಖೋಖೋ ತಂಡದಲ್ಲಿದ್ದಳು. ಕೂಡ್ಲಿಗಿಯಲ್ಲಿ ತಾಲ್ಲೂಕು ಪಂದ್ಯ. ಡಾಕ್ಟರು ಹ್ಞೂಂ ಅಂದವರಷ್ಟೇ ಬಸ್ ಹತ್ತಬೇಕು ಎಂದು ಮೇಷ್ಟ್ರು ಹೇಳಿಬಿಟ್ಟಿದ್ದರು. ಅಕ್ಕನೋ ಬಿಳಿಚಿಕೊಂಡಿದ್ದಳು. ಸ್ವಲ್ಪ ಓಡಿದರೆ ಏದುಸಿರು. ಯಾರೂ ನೋಡದಾಗ ಬಳಪ ಕಟಕಟ ಕಡಿದು ತಿನ್ನುತ್ತಿದ್ದಳು. ಆದರೆ ಕೂಡ್ಲಿಗಿಯ ಕನಸಿನಲ್ಲಿ ಅವಳು ನಿದ್ದೆಯಲ್ಲೂ ಕಾಲು ಝಾಡಿಸುತ್ತಿದ್ದಳು.

ತಪಾಸಣೆಯ ಬೆಳಿಗ್ಗೆ ಅಜ್ಜಿ ತನ್ನ ಎಲೆ ಚೀಲ ಬಿಚ್ಚಿ, ಸುಣ್ಣ ಸವರಿದ ಎಲೆ-ಅಡಿಕೆ ಅಕ್ಕನ ಬಾಯಿಗಿಟ್ಟಳು. "ಅಗಿ. ನುಂಗಬ್ಯಾಡ. ನಾಲಿಗಿ ಕೆಂಪಗಿತ್ತಂದ್ರ ಮೈಯಾಗ ರಕ್ತ ಐತಿ ಅಂತಾರ."

ಒಲೆಯ ಮುಂದಿನಿಂದ ಅವ್ವ ಗಾಬರಿಯಾಗಿ, "ಅತ್ತೀ, ಸಾಲಿಗೆ ಹೋಗೋ ಹುಡುಗಿಗೆ ಎಲಿ ಹಾಕಸ್ತೀರೇನ್ರಿ?" ಎಂದಳು.

"ನಿನ್ನ ಮಗಳು ಕೂಡ್ಲಿಗಿಗೆ ಹೋಗಬೇಕೋ ಬ್ಯಾಡೋ? ಸುಮ್ಕಿರು."

ಡಾಕ್ಟರು ಅಕ್ಕನ ನಾಲಿಗೆ ನೋಡಿದರು. ಕುಂಕುಮದಂತೆ ಕೆಂಪು. ಆಮೇಲೆ ಹೆಬ್ಬೆರಳಿನಿಂದ ಅವಳ ಕಣ್ಣಿನ ಕೆಳರೆಪ್ಪೆ ಎಳೆದರು. ಒಳಗೆ ಕೆಂಪೇ ಇರಲಿಲ್ಲ. "ನಾಲಿಗಿ ಮದಿವಿಗೆ ಹೊಂಟೈತಿ, ಕಣ್ಣು ಉಪಾಸ ಕುಂತೈತಲ್ಲವ್ವ! ಯಾರು ಹಾಕ್ಸಿದ್ರು ಎಲಿ?" ಸಾಲಿನಲ್ಲಿದ್ದ ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರು. ಅಕ್ಕನಿಗೆ ಕೂಡ್ಲಿಗಿ ತಪ್ಪಿತು.

ಸಂಜೆ ಡಾಕ್ಟರು ಮನೆಗೇ ಬಂದರು. ಅಜ್ಜಿ ಹೊಸ್ತಿಲಲ್ಲೇ ಜಗಳಕ್ಕೆ ನಿಂತಳು. "ನನ್ನ ಮೊಮ್ಮಗಳು ಕುದುರಿ ಇದ್ದಂಗ ಅದಾಳ್ರಿ. ಬಳಪ ತಿಂತಾಳ, ಅದೇನ್ ದೊಡ್ಡದು? ನಾನೂ ಬಸುರಿದ್ದಾಗ ಗ್ವಾಡಿ ಮಣ್ಣು ತಿಂದೀನಿ. ಈಕಿ ಅವ್ವನೂ ತಿಂದಾಳ."

ಡಾಕ್ಟರು ವಾದಿಸಲಿಲ್ಲ. "ಅಜ್ಜಿ, ಹಿಂಗ ಬಿಸಿಲಿಗೆ ಬರ್ರಿ" ಎಂದು ಅವಳ ಗಲ್ಲ ಹಿಡಿದು ಮೇಲೆತ್ತಿ ರೆಪ್ಪೆ ಎಳೆದು ನೋಡಿದರು. ಆಮೇಲೆ ಅವ್ವನದು. ಎರಡೂ ಸುಣ್ಣದಂತೆ ಬೆಳ್ಳಗಿದ್ದವು. "ಮಣ್ಣು ತಿನ್ನೋ ಆಸಿ ಆಗೋದು ರಕ್ತ ಕಡಿಮಿ ಆದಾಗ್ರಿ. ನಿಮ್ಮ ಮನಿಯಾಗ ಎಲ್ಲಾರ್ದೂ ಅದ ಕತಿ." ಅಜ್ಜಿ ತನ್ನ ರೆಪ್ಪೆ ತಾನೇ ಮುಟ್ಟಿ ನೋಡಿಕೊಂಡಳು. ಆಮೇಲೆ ಮೆಲ್ಲಗೆ, "ನನ್ನ ಕಣ್ಣಾಗ ಇಷ್ಟ ದಿನಾ ಯಾರೂ ಹಣಿಕಿ ನೋಡಿರಲಿಲ್ಲವ್ವ" ಎಂದಳು.

ಅಂದಿನಿಂದ ಊಟವಾದ ಮೇಲೆ ಮೂವರೂ ಒಂದೇ ಚೊಂಬಿನ ನೀರಲ್ಲಿ ಕಬ್ಬಿಣದ ಗುಳಿಗೆ ನುಂಗತೊಡಗಿದರು. ಅಕ್ಕನಿಗೆ ಜಂತುಹುಳದ ಗುಳಿಗೆಯೂ ಆಯಿತು. ನುಗ್ಗೆ ಸೊಪ್ಪು, ಶೇಂಗಾ, ಬೆಲ್ಲ ದಿನವೂ ತಟ್ಟೆಗೆ ಬಂದವು. ಅಜ್ಜಿಗೆ ಮಾತ್ರ ಹೊಸ ಹುಚ್ಚು ಹಿಡಿಯಿತು. ನಾವು ಶಾಲೆಯಿಂದ ಬರುತ್ತಲೇ ನಮ್ಮನ್ನು ಬಾಗಿಲಲ್ಲಿ ತಡೆದು, ಗಲ್ಲ ಹಿಡಿದು ಬಿಸಿಲಿಗೆ ತಿರುಗಿಸಿ, ಸುಣ್ಣದ ವಾಸನೆಯ ಹೆಬ್ಬೆರಳಿನಿಂದ ರೆಪ್ಪೆ ಎಳೆಯುವಳು. "ಕೆಂಪೈತಿ, ಒಳಗ ಹೋಗು." ಓಣಿಯ ಮಕ್ಕಳನ್ನೂ ಬಿಡಲಿಲ್ಲ. ಮರುವರ್ಷ ಅಕ್ಕ ಕೂಡ್ಲಿಗಿಗೆ ಹೋಗಿ, ಸೋತು, ಮೊಣಕಾಲು ತರಚಿಸಿಕೊಂಡು ಬಂದಳು. ಅಜ್ಜಿ ಮೊಣಕಾಲು ಆಮೇಲೆ ನೋಡಿದಳು, ಮೊದಲು ಕಣ್ಣು.

ವರ್ಷಗಳಾದ ಮೇಲೆ ಅಜ್ಜಿ ಹಾಸಿಗೆ ಹಿಡಿದಳು. ಹಂಪಸಾಗರಕ್ಕೆ ಮದುವೆಯಾಗಿ ಹೋಗಿದ್ದ ಅಕ್ಕ ಬಂದವಳೇ, ಕಿಟಕಿಯ ಬೆಳಕಿಗೆ ಅಜ್ಜಿಯ ಮುಖ ತಿರುಗಿಸಿ ರೆಪ್ಪೆ ಎಳೆದಳು. ಪಕ್ಕದಲ್ಲೇ ಇದ್ದ ನಾನೂ ನೋಡಿದೆ. ಒಂದು ಚೂರೂ ಬಣ್ಣವಿರಲಿಲ್ಲ.

"ಹೆಂಗೈತಲೇ ಸಾವಿ?"

"ಕೆಂಪಗ ಐತಜ್ಜಿ."

ಅಜ್ಜಿ ಬೊಚ್ಚು ಬಾಯಲ್ಲಿ ನಕ್ಕಳು. "ಸುಳ್ಳು ಹೇಳಬ್ಯಾಡ. ಎಲಿನೂ ಹಾಕ್ಕೊಂಡಿಲ್ಲ ನಾನು."

ಈಗ ಆ ಮಾಳಿಗೆ ಮನೆಯಿಲ್ಲ, ನಮ್ಮನ್ನು ತಡೆಯುತ್ತಿದ್ದ ಆ ಬಾಗಿಲೂ ಇಲ್ಲ. ಮಗಳನ್ನು ತಪ್ಪದೆ ವರ್ಷವರ್ಷ ತಪಾಸಣೆಗೆ ಕರೆದೊಯ್ಯುತ್ತೇನೆ. ಹೊರಡುವ ಮೊದಲು ಅವಳ ಗಲ್ಲ ಹಿಡಿದು ಬಿಸಿಲಿಗೆ ತಿರುಗಿಸುತ್ತೇನೆ, ಅವಳು ಸಿಡುಕುತ್ತಾಳೆ. ಸಿಡುಕಲಿ. ಕೆಲವು ಸಂಜೆ ದಣಿದು ಮನೆಗೆ ಬಂದಾಗ ಬಾಗಿಲಲ್ಲಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತೇನೆ, ಮುಖ ಬಿಸಿಲಿಗೆ ಮಾಡಿ. ಒಳಗೆ ಹೋಗು ಅನ್ನುವವರಿಲ್ಲ.