ಪರದೆಯಲ್ಲಿ ಇಲ್ಲದ ಹಾವು

“ಯಾರೂ ಅಲುಗಾಡಬ್ಯಾಡ್ರಿ, ಹಾವೈತೆ!” ಎಂದು ಸ್ಟೇಷನ್ ಮಾಸ್ತರು ಕೂಗಿದರು.

ಎಪ್ಪತ್ತರ ದಶಕದಲ್ಲಿ ಚಿಕ್ಕಜಾಜೂರಿನ ಟೆಂಟಿನಲ್ಲಿ ಚೀನೀ ಹೊಡೆದಾಟದ ಸಿನಿಮಾ ನೋಡುತ್ತಿದ್ದೆವು. ಪರದೆಯ ಕೆಳಗೆ ಮೂಡುವ ಇಂಗ್ಲಿಷ್ ಅಕ್ಷರ ಓದಿ, ಮಾಸ್ತರೇ ಎಲ್ಲರಿಗೂ ಕನ್ನಡದಲ್ಲಿ ಕೂಗಿ ಹೇಳುತ್ತಿದ್ದರು. ಇದೂ ಸಿನಿಮಾದ ಮಾತೇ ಎಂದುಕೊಂಡು, ನೆಲದಲ್ಲಿ ಕೂತಿದ್ದ ನಾವು ಹೆಂಗಸರು ಪರದೆಯಲ್ಲಿ ಹಾವು ಹುಡುಕಿದೆವು. ಅಲ್ಲಿ ಹಾವಿರಲಿಲ್ಲ, ಅಕ್ಷರವೂ ಇರಲಿಲ್ಲ.

ಮಾಸ್ತರ ಟಾರ್ಚಿನ ಬೆಳಕು ನನ್ನ ಕಾಲ ಮೇಲೆ ಬಿದ್ದಿತ್ತು. ಪಾದದ ಮೇಲೆ ತಣ್ಣಗೆ ಏನೋ ಹರಿಯುತ್ತಿತ್ತು.

“ಕಾಲು ಎಳ್ಕಬ್ಯಾಡ್ರೀ ತಾಯಿ,” ಎಂದರು ಮಾಸ್ತರು. ಪಕ್ಕದಲ್ಲಿದ್ದ ಅತ್ತೆ ನನ್ನ ಬಾಯಿ ಅದುಮಿ ಹಿಡಿದರು. ಹಾವು ಟೆಂಟಿನ ಬಟ್ಟೆಯಡಿ ನುಸುಳಿ ಹೋಯಿತು.

ಈಗ ಟೀವಿಯಲ್ಲಿ ಅಂಥ ಸಿನಿಮಾ ಬಂದರೆ ಮೊಮ್ಮಗಳು ಅಕ್ಷರ ಓದಿ ಹೇಳುತ್ತಾಳೆ. ನಾನು ಮೊದಲು ನೆಲ ನೋಡುತ್ತೇನೆ.